ಎಲೆಯ ಮೇಲೊಂದು ಹುಳು, ಬೇರಿನೊಳಗೊಂದು ಹುಳು

ಮದುವೆಯ ಮನೆಯಲ್ಲಿ ಪೆಟ್ಟಿಗೆಯಿಂದ ಹೊರಬಂದ ರೇಷ್ಮೆ ಸೀರೆಯ ಸೆರಗನ್ನು ಮುಟ್ಟಿ ನೋಡುವ ಹೆಂಗಳೆಯರು ಅದರ ಬಣ್ಣವನ್ನೂ ಅಂಚನ್ನೂ ಜರಿಯನ್ನೂ ಕುರಿತು ಮಾತನಾಡುವರು. ಎಳೆಯನ್ನು ನೂತ ಹುಳುವಿನ ನೆನಪು ಒಬ್ಬಿಬ್ಬರಿಗೆ ಬಂದರೂ ಬಂದೀತು. ಆದರೆ ಆ ಎಳೆ ಹುಟ್ಟದಂತೆಯೇ ಮಾಡಬಲ್ಲ ಮತ್ತೊಂದು ಹುಳು ನೆಲದೊಳಗೆ ಅಡಗಿದೆಯೆಂಬುದು ಬಹುಮಂದಿಗೆ ತಿಳಿಯದು.

ಕೊಳ್ಳೇಗಾಲ ರೇಷ್ಮೆ ಬಟ್ಟೆಗೆ ಹೆಸರಾದ ಊರು. 1956ರ ನವೆಂಬರಿನಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮುನ್ನ ಈ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮದರಾಸು ಪ್ರಾಂತದ ರೇಷ್ಮೆ ಕೃಷಿಗೆ ಇದೇ ಮುಖ್ಯ ನೆಲೆಯಾಗಿತ್ತು. ಇಂದು ಚಾಮರಾಜನಗರ ಜಿಲ್ಲೆಗೆ ಸೇರಿದ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಹಿಪ್ಪುನೇರಳೆಯನ್ನು ನಂಬಿ ಬದುಕುವ ಸಂಸಾರಗಳಿವೆ.

ರೇಷ್ಮೆಹುಳುವಿನ ಊಟದ ಪಂಕ್ತಿಯಲ್ಲಿ ಬಡಿಸುವುದು ಒಂದೇ ಪದಾರ್ಥ, ಹಿಪ್ಪುನೇರಳೆಯ ಎಲೆ. ಸುಮಾರು ಇಪ್ಪತ್ತೈದು ದಿನಗಳ ಆಯುಸ್ಸಿನಲ್ಲಿ ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ತಿನ್ನುವ ಎಲೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಕಡೆಯ ಏಳೆಂಟು ದಿನಗಳಲ್ಲಿಯೇ ತಿಂದು ಮುಗಿಸುತ್ತದೆ. ಆ ದಿನಗಳಲ್ಲಿ ತೋಟ ಕೈಕೊಟ್ಟರೆ ಹುಳುಗಳನ್ನು ಉಪವಾಸ ಕೆಡವಬೇಕು, ಇಲ್ಲವೇ ದುಬಾರಿ ಬೆಲೆ ತೆತ್ತು ಎಲೆ ತರಬೇಕು. ಎರಡರಲ್ಲಿಯೂ ನಷ್ಟ ರೈತನದೇ.

ತೋಟ ಹೀಗೆ ಕೈಕೊಡಲು ಬೇರುಗಂಟು ರೋಗವೂ ಒಂದು ಕಾರಣ. ಗಿಡ ಕುಳ್ಳಾಗುತ್ತದೆ, ಎಲೆ ಸಣ್ಣದಾಗಿ ಹಳದಿಗೆ ತಿರುಗುತ್ತದೆ, ನೆಲದಲ್ಲಿ ತೇವವಿದ್ದರೂ ಮಧ್ಯಾಹ್ನದ ಬಿಸಿಲಿಗೆ ಬಾಡುತ್ತದೆ. ನೋಡಿದವರು ಗೊಬ್ಬರ ಸಾಲದೆಂದೋ ನೀರು ಸಾಲದೆಂದೋ ಭಾವಿಸುವುದು ಸಹಜ. ಗೊಬ್ಬರ ಸುರಿದರೂ ಗಿಡ ಚೇತರಿಸದು. ಒಂದು ಗಿಡವನ್ನು ಅಗೆದು ತೆಗೆದು ಬೇರನ್ನು ತೊಳೆದು ನೋಡಿದಾಗಲೇ ಗುಟ್ಟು ಬಯಲಾಗುವುದು. ಬೇರಿನ ಉದ್ದಕ್ಕೂ ಮಣಿ ಪೋಣಿಸಿದಂತೆ ಗಂಟುಗಳು! ಅವರೆ, ಹೆಸರು, ಉದ್ದಿನ ಬೇರಿನಲ್ಲಿಯೂ ಗಂಟುಗಳಿರುವುದುಂಟು. ಆದರೆ ಅವು ಗಿಡಕ್ಕೆ ಉಪಕಾರಿ; ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಗುರು ತಾಕಿದರೆ ಉದುರುತ್ತವೆ. ಇವು ಹಾಗಲ್ಲ, ಬೇರೇ ಊದಿಕೊಂಡು ಗಂಟಾಗಿರುತ್ತದೆ.

ಈ ಕೃತ್ಯವೆಸಗುವ ಜಂತುಹುಳುವಿನ ಮರಿ ಅರ್ಧ ಮಿಲಿಮೀಟರಿನಷ್ಟೂ ಉದ್ದವಿಲ್ಲ. ಅದು ಬೇರಿನ ತುದಿಯಲ್ಲಿ ಒಳಹೊಕ್ಕು ಒಂದೆಡೆ ನೆಲೆಸಿ, ತನ್ನ ಜೊಲ್ಲಿನಿಂದ ಸುತ್ತಲಿನ ಜೀವಕೋಶಗಳನ್ನು ದೈತ್ಯಾಕಾರಕ್ಕೆ ಬೆಳೆಸಿ, ಗಿಡದ ಆಹಾರವನ್ನು ಹೀರುತ್ತದೆ. ಹೆಣ್ಣು ಪೇರುಹಣ್ಣಿನ ಆಕಾರಕ್ಕೆ ಉಬ್ಬಿ, ಅಂಟಿನ ಚೀಲವೊಂದರಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಇದಕ್ಕೆ ಗಂಡಿನ ಹಂಗೂ ಇಲ್ಲ. ಬೆಚ್ಚನೆಯ ನೆಲದಲ್ಲಿ ಸುಮಾರು ಒಂದು ತಿಂಗಳಿಗೊಂದು ತಲೆಮಾರು ಮುಗಿಯುವುದರಿಂದ, ವರ್ಷದೊಳಗೆ ಅದರ ಸಂತಾನ ಲೆಕ್ಕಕ್ಕೆ ಸಿಕ್ಕದು. ಬೇರಿನ ಗಾಯಗಳಲ್ಲಿ ಶಿಲೀಂಧ್ರ ಸೇರಿ ಬೇರು ಕೊಳೆತರೆ ಗಿಡವೇ ಒಣಗುತ್ತದೆ.

ಈ ಜಾತಿಯ ಹುಳುವನ್ನು 1855ರಲ್ಲಿ ಇಂಗ್ಲೆಂಡಿನ ಬರ್ಕ್ಲಿ ಎಂಬ ವಿದ್ವಾಂಸನು ಸೌತೆಗಿಡದ ಬೇರಿನಲ್ಲಿ ಕಂಡನು. ಭಾರತದಲ್ಲಿ 1901ರಲ್ಲಿ ಬಾರ್ಬರ್ ಎಂಬಾತನು ನೀಲಗಿರಿ ಸೀಮೆಯ ದೇವಾಲದ ಚಹಾ ತೋಟದಲ್ಲಿ ಇದನ್ನು ಗುರುತಿಸಿದನು. ಹಿಪ್ಪುನೇರಳೆಯನ್ನು ಕಾಡುವ ಬಗೆಗೆ ಶಾಸ್ತ್ರಜ್ಞರಿಟ್ಟ ಹೆಸರು ‘ಇನ್‌ಕಾಗ್ನಿಟಾ’, ಎಂದರೆ ಅಜ್ಞಾತ. ಅಜ್ಞಾತವಾಸದಲ್ಲಿದ್ದ ಈ ಶತ್ರು ಮೈಸೂರು ಸೀಮೆಯ ಹಿಪ್ಪುನೇರಳೆಯಲ್ಲಿರುವುದನ್ನು ಸಂಶೋಧಕರು 1966ರಲ್ಲಿ ವರದಿ ಮಾಡಿದರು.

ಮರಳು ಬೆರೆತ ಮಣ್ಣೆಂದರೆ ಈ ಹುಳುವಿಗೆ ಬಲು ಪ್ರೀತಿ. ತಾನಾಗಿ ಹೆಚ್ಚು ದೂರ ಚಲಿಸಲಾರದು. ಸೋಂಕಿದ ಸಸಿಯೊಡನೆ, ನೇಗಿಲಿಗಂಟಿದ ಮಣ್ಣಿನೊಡನೆ, ಹರಿಯುವ ನೀರಿನೊಡನೆ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಟೊಮೇಟೊ, ಬದನೆ, ಬೆಂಡೆಗಳೂ ಇದಕ್ಕೆ ಪ್ರಿಯವಾದುವು. ನಾಲ್ಕು ಕಾಸಿನ ಆಸೆಗೆ ಇವನ್ನು ಹಿಪ್ಪುನೇರಳೆಯ ಸಾಲುಗಳ ನಡುವೆ ಹಾಕುವುದು ಶತ್ರುವಿಗೆ ಮಣೆ ಹಾಕಿದಂತೆ.

ಹಾಗಾದರೆ ವಿಷ ಹಾಕಿ ಕೊಂದುಬಿಡಬಾರದೇಕೆ? ತೊಡಕಿರುವುದು ಇಲ್ಲಿಯೇ. ಬೇರಿನ ಹುಳುವಿಗಿಟ್ಟ ವಿಷ ಎಲೆಗೇರಿದರೆ, ಮನೆಯೊಳಗೆ ತಟ್ಟೆಯಲ್ಲಿ ಮೇಯುತ್ತಿರುವ ಹುಳುವಿಗೂ ಮೃತ್ಯು. ಒಂದನ್ನು ಕೊಲ್ಲಬೇಕು, ಮತ್ತೊಂದನ್ನು ಮಗುವಿನಂತೆ ಸಾಕಬೇಕು. ಆದುದರಿಂದಲೇ ತಜ್ಞರು ಸೌಮ್ಯ ಮಾರ್ಗಗಳತ್ತ ಬೆರಳು ತೋರುತ್ತಾರೆ. ಗಂಟಿಲ್ಲದ ಬೇರಿನ ಸಸಿಗಳನ್ನೇ ನೆಡುವುದು, ಬೇಸಿಗೆಯಲ್ಲಿ ಆಳವಾಗಿ ಉತ್ತು ಮಣ್ಣನ್ನು ಬಿಸಿಲಿಗೊಡ್ಡುವುದು, ಬುಡಕ್ಕೆ ಬೇವಿನ ಹಿಂಡಿ ಕೊಡುವುದು ಇವುಗಳಲ್ಲಿ ಮುಖ್ಯ. ಆಯುಧಪೂಜೆಯಂದು ಬಾಗಿಲಿಗೆ ತೋರಣವಾಗುವ ಚೆಂಡುಹೂವಿನ ಗಿಡವೂ ಇಲ್ಲಿ ಆಪ್ತಮಿತ್ರ. ಅದರ ಬೇರಿನ ರಸ ಈ ಜಂತುವಿಗೆ ಆಗದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯು ಜಂತುವಿನ ಮೊಟ್ಟೆಗಳನ್ನೇ ತಿನ್ನುವ ಶಿಲೀಂಧ್ರವೊಂದರಿಂದ ‘ಬಯೋನೆಮಾ’ ಎಂಬ ಜೈವಿಕ ಮದ್ದನ್ನು ರೂಪಿಸಿತು; ಅದನ್ನು ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರಗಳೊಡನೆ ಬೆರೆಸಿ ಬುಡಕ್ಕೆ ಕೊಡುತ್ತಾರೆ.

ಇವು ಯಾವುವೂ ಒಂದೇ ದಿನದಲ್ಲಿ ಫಲ ಕೊಡುವಂಥವಲ್ಲ. ಜಂತುವನ್ನು ನಿರ್ವಂಶ ಮಾಡುವುದೂ ಸಾಧ್ಯವಿಲ್ಲ. ಅದರ ಸಂಖ್ಯೆಯನ್ನು ತಗ್ಗಿಸಿ ಗಿಡವನ್ನು ಉಳಿಸಿಕೊಂಡರೆ ಅಷ್ಟೇ ಗೆಲುವು. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ಹಲವು ವರ್ಷ ಅನ್ನ ಕೊಡುವ ಬೆಳೆ. ಎಲೆ ಹಳದಿಯಾದೊಡನೆ ಗೊಬ್ಬರದ ಅಂಗಡಿಗೆ ಓಡುವ ಬದಲು ಒಂದು ಗಿಡವನ್ನು ಅಗೆದು ಬೇರನ್ನು ನೋಡುವ ರೈತನು, ಒಂದು ಗಿಡವನ್ನು ಕಳೆದುಕೊಂಡರೂ ತೋಟವನ್ನು ಉಳಿಸಿಕೊಂಡಾನು.