ಐದು ಗುಂಟೆ ಕಮ್ಮಿಯೋ, ನಲವತ್ತೈದೋ?

ಶಿವಗಂಗೆ ಬೆಟ್ಟದ ಬುಡದ ಯಾವುದಾದರೂ ಹೊಲದ ಪಹಣಿ ತೆಗೆದು ನೋಡಿ. ವಿಸ್ತೀರ್ಣದ ಕಲಮಿನಲ್ಲಿ 2.21 ಎಂದಿದ್ದರೆ ಅದು ಎರಡೆಕರೆ ಇಪ್ಪತ್ತೊಂದು ಗುಂಟೆ, ಅಂದರೆ ಎರಡೂವರೆ ಎಕರೆಗೂ ಒಂದು ಗುಂಟೆ ಜಾಸ್ತಿ. ನಡುವಿನ ಚುಕ್ಕಿ ದಶಾಂಶದ್ದಲ್ಲ. 40 ಗುಂಟೆಗೆ ಒಂದೆಕರೆ, 16 ಆಣೆಗೆ ಒಂದು ಗುಂಟೆ: ರೈತರಿಗಿದು ಬಾಯಿಪಾಠ. ತಲೆ ಕೆಡುವುದು ಈ ಲೆಕ್ಕವನ್ನು ಬ್ರೌಸರ್‌ನಲ್ಲಿ ಓಡಿಸಬೇಕಾದವರಿಗೆ.

ಸಿ ಅಥವಾ ಜಾವಾ ಭಾಷೆಯಲ್ಲಿ 101 ಗುಂಟೆಯನ್ನು ಪೂರ್ಣಾಂಕವಾಗಿ 40ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 21. ಪಹಣಿಗೆ ಬೇಕಾದದ್ದೂ ಅಷ್ಟೇ. ಅದೇ ಭಾಗಾಕಾರವನ್ನು ಇದ್ದ ಹಾಗೇ ಜಾವಾಸ್ಕ್ರಿಪ್ಟ್‌ಗೆ ಕಂಪೈಲ್ ಮಾಡಿದರೆ 2.525 ಬಂದು ಕೂರುತ್ತದೆ. 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್‌ನಲ್ಲಿ ಹತ್ತೇ ದಿನದಲ್ಲಿ ಮೊದಲ ರೂಪ ಕೊಟ್ಟ ಆ ಭಾಷೆಯಲ್ಲಿ ಪೂರ್ಣಾಂಕ ಎಂಬ ಪ್ರತ್ಯೇಕ ಜಾತಿಯೇ ಇರಲಿಲ್ಲ. ಇದ್ದದ್ದು ಭಿನ್ನರಾಶಿಯನ್ನೂ ಹಿಡಿಯುವ 64 ಬಿಟ್ ಸಂಖ್ಯೆಯೊಂದೇ. ಹಾಗಾಗಿ ಕಂಪೈಲರ್‌ಗಳು ಭಾಗಾಕಾರದ ಬೆನ್ನಿಗೆ | 0 ಎಂದು ಅಂಟಿಸತೊಡಗಿದವು. ಸೊನ್ನೆಯೊಂದಿಗೆ ಬಿಟ್‌ಗಳನ್ನು ಬೆರೆಸುವ ಈ ಕ್ರಿಯೆಯಿಂದ ಬೆಲೆ ಕೂಡುವುದಿಲ್ಲ, ಭಿನ್ನಭಾಗ ಮಾತ್ರ ಉದುರುತ್ತದೆ. 2013ರಲ್ಲಿ ಮೊಜಿಲ್ಲಾ ತಂದ ಏಎಸ್‌ಎಮ್.ಜೆಎಸ್ ಎಂಬ ಜಾವಾಸ್ಕ್ರಿಪ್ಟ್‌ನ ಉಪಭಾಷೆ ಇದನ್ನೇ ಗುರುತಾಗಿ ಬಳಸಿತು: | 0 ಕಂಡಲ್ಲಿ ಬ್ರೌಸರ್ ಅದನ್ನು ಪೂರ್ಣಾಂಕವೆಂದೇ ತಿಳಿದು ನೇರ ಯಂತ್ರಸೂಚನೆಗೆ ಇಳಿಸುತ್ತಿತ್ತು.

ನಿಜವಾದ ಪೇಚು ಋಣಸಂಖ್ಯೆಯಲ್ಲಿದೆ. ಮರು ಅಳತೆಯಲ್ಲಿ ಜಮೀನು ಪಹಣಿಗಿಂತ ಐದು ಗುಂಟೆ ಕಮ್ಮಿ ಬಂತೆನ್ನಿ. −5 ಅನ್ನು 40ರಿಂದ ಭಾಗಿಸಿದರೆ ಸಿ, ಜಾವಾ ಸೊನ್ನೆಯ ಕಡೆಗೆ ಮೊಟಕು ಮಾಡುತ್ತವೆ: 0 ಎಕರೆ, −5 ಗುಂಟೆ. ಪೈಥಾನ್ ಕೆಳಕ್ಕಿಳಿಯುತ್ತದೆ: −1 ಎಕರೆ, +35 ಗುಂಟೆ. ಎರಡೂ ಸರಿಯೇ. ಆದರೆ ಪೈಥಾನ್ ಕೋಡನ್ನು ತಂದವರು ಭಾಗಲಬ್ಧಕ್ಕೆ ಕೆಳಕ್ಕಿಳಿಸುವ ಮ್ಯಾಥ್.ಫ್ಲೋರ್ ಹಾಕಿ, ಶೇಷವನ್ನು ಸಿ, ಜಾವಾದಂತೆಯೇ ನಡೆಯುವ ಜಾವಾಸ್ಕ್ರಿಪ್ಟ್‌ನ % ಚಿಹ್ನೆಗೇ ಬಿಟ್ಟರೆ? −1 ಎಕರೆ, −5 ಗುಂಟೆ! ಐದು ಗುಂಟೆಯ ಕೊರತೆ ನಲವತ್ತೈದಾಯಿತು. ಗುಂಟೆಗೆ 1,089 ಚದರಡಿ. ಕಾರ್ಖಾನೆಗಳೆದ್ದ ದಾಬಸ್‌ಪೇಟೆಯ ಆಸುಪಾಸಿನಲ್ಲಿ ಇಷ್ಟಕ್ಕೇ ಅಣ್ಣತಮ್ಮಂದಿರು ಕೋರ್ಟು ಹತ್ತಿಯಾರು.

| 0 ಕೂಡ ಸಾಚಾ ಅಲ್ಲ. ಅದು 32 ಬಿಟ್ ಮಾತ್ರ ಉಳಿಸಿಕೊಳ್ಳುವುದರಿಂದ 2,14,74,83,647 ದಾಟಿದ್ದೆಲ್ಲ ಅಡ್ಡಾದಿಡ್ಡಿ. 49,300 ಎಕರೆಯನ್ನು ಚದರಡಿಗಿಳಿಸಿದರೆ 2,14,75,08,000. ಶಿವಗಂಗೆಯಿರುವ ನೆಲಮಂಗಲ ತಾಲ್ಲೂಕು ಇದಕ್ಕಿಂತ ದೊಡ್ಡದು. ಆ ಸಂಖ್ಯೆಗೆ | 0 ಹಾಕಿದರೆ −2,14,74,59,296. ಅದರ ಬದಲು >>> 0 ಹಾಕಿದರೆ ಮತ್ತೆ ಸರಿ. ಬಿಟ್‌ಗಳು ಅವೇ, ಓದುವ ರೀತಿ ಬೇರೆ: ಒಂದು ಕಡೆಯಿಂದ ನಂದಿಯಾಗಿ, ಇನ್ನೊಂದು ಕಡೆಯಿಂದ ಗಣಪನಾಗಿ ಕಾಣುವ ಶಿವಗಂಗೆಯ ಹಾಗೆ.

2017ರಲ್ಲಿ ಬ್ರೌಸರ್‌ಗಳಿಗೆ ಬಂದ ವೆಬ್‌ಅಸೆಂಬ್ಲಿಯಲ್ಲಿ ಪೂರ್ಣಾಂಕಕ್ಕೆ ಸ್ವಂತ ಜಾಗವಿದೆ, ಚಿಹ್ನೆಸಹಿತ, ಚಿಹ್ನೆರಹಿತ ಓದಿಗೆ ಬೇರೆ ಬೇರೆ ಭಾಗಾಕಾರಗಳಿವೆ. ಋಣಸಂಖ್ಯೆಯ ಭಾಗಾಕಾರ ಅಲ್ಲಿಯೂ ಸೊನ್ನೆಯ ಕಡೆಗೇ. ಹಾಗಾಗಿ ಪೈಥಾನ್‌ನ ರೀತಿ ಬೇಕೆಂದವರು ಶೇಷ 35 ಗುಂಟೆ ಬರುವಂತೆ ಮಾಡುವ ತಿದ್ದುಪಡಿಯನ್ನು ಅಲ್ಲಿಯೂ ಕೈಯಾರೆ ಸೇರಿಸಬೇಕು.