ಕಾರಿನ ಎಸಿ ತಂಪು ನೀಡುತ್ತಿಲ್ಲವೇ? ಗ್ಯಾಸ್ ತುಂಬಿಸುವ ಮುನ್ನ ಸೋರಿಕೆ ಹುಡುಕಿಸಿ

ಬೇಸಿಗೆ ಬಂತೆಂದರೆ ಕಲಬುರಗಿ, ರಾಯಚೂರುಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತೇನಲ್ಲ. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಸಿಲುಕಿದವರಿಗೂ ಮಧ್ಯಾಹ್ನದ ಬಿಸಿಲು ಕಡಿಮೆಯೇನಲ್ಲ. ಇಂಥ ಹೊತ್ತಿನಲ್ಲೇ ಕಾರಿನ ಎಸಿ ಬಿಸಿಗಾಳಿ ಊದತೊಡಗಿದರೆ ಮಾಲೀಕರು ಗ್ಯಾರೇಜಿನತ್ತ ಧಾವಿಸುತ್ತಾರೆ. ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಿದರೆ ಸರಿಹೋಗುತ್ತದೆ’ ಎಂಬ ಉತ್ತರ ಬಹುತೇಕ ಕಡೆ ಸಿದ್ಧವಾಗಿರುತ್ತದೆ. ಹಣ ತೆತ್ತು ಹೊರಬಂದ ಮಾಲೀಕರಿಗೆ ತಿಂಗಳು ಕಳೆಯುವುದರೊಳಗೆ ಮತ್ತದೇ ಸೆಕೆ!

ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಕೊಳವೆಗಳ ಮೂಲಕ ಕಾಲಾಂತರದಲ್ಲಿ ಅತ್ಯಲ್ಪ ಪ್ರಮಾಣ ಹೊರಹೋಗುವುದುಂಟು. ಆದರೆ ಒಂದೇ ಬೇಸಿಗೆಯಲ್ಲಿ ಎರಡು ಬಾರಿ ತುಂಬಿಸಬೇಕಾಯಿತೆಂದರೆ ಎಲ್ಲೋ ಸೋರಿಕೆ ಇದೆಯೆಂದೇ ಅರ್ಥ.

ತಂಪು ಬರುವ ಬಗೆ

ದೇಶದ ಬಹುತೇಕ ಕಾರುಗಳಲ್ಲಿ ಬಳಕೆಯಲ್ಲಿರುವುದು ಆರ್-134ಎ ಎಂಬ ಗ್ಯಾಸ್. ಸಾಮಾನ್ಯ ಕಾರೊಂದರಲ್ಲಿ ಇದರ ಪ್ರಮಾಣ ಸುಮಾರು ಅರ್ಧ ಕಿಲೋ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಈ ಗ್ಯಾಸನ್ನು ಒತ್ತಿ ಬಿಸಿಯಾಗಿಸುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಟ್ಟು ದ್ರವವಾಗುತ್ತದೆ. ಬಳಿಕ ಎಕ್ಸ್‌ಪಾನ್ಶನ್ ವಾಲ್ವ್ ಎಂಬ ಕಿರಿದಾದ ದ್ವಾರದ ಮೂಲಕ ಹಾದು, ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಅನಿಲವಾಗುತ್ತದೆ. ಆಗ ಕಾರಿನೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ತಂಪು ನಿಲ್ಲುತ್ತದೆ. ಎಲ್ಲಕ್ಕೂ ಗ್ಯಾಸನ್ನೇ ದೂರುವುದು ಸರಿಯಲ್ಲ.

ಲಕ್ಷಣಗಳೇ ಸುಳಿವು

ಗ್ಯಾರೇಜಿಗೆ ಹೋಗುವ ಮೊದಲು ಮಾಲೀಕರೇ ಗಮನಿಸಬಹುದಾದ ಕೆಲವು ಸಂಗತಿಗಳಿವೆ. ಗಾಳಿ ತಂಪಾಗಿದ್ದರೂ ರಭಸ ಕಡಿಮೆಯಿದ್ದರೆ ಧೂಳು ತುಂಬಿದ ಎಸಿ ಫಿಲ್ಟರ್ ಅಥವಾ ಬ್ಲೋವರ್ ಕಾರಣವಾಗಿರಬಹುದು. ಅನೇಕ ಕಾರುಗಳಲ್ಲಿ ಫಿಲ್ಟರ್ ಇರುವುದು ಗ್ಲವ್ ಬಾಕ್ಸ್ ಹಿಂದೆ. ಅದನ್ನು ಬದಲಿಸುವುದು ಕೆಲವೇ ನಿಮಿಷಗಳ ಕೆಲಸ.

ಹೆದ್ದಾರಿಯಲ್ಲಿ ತಂಪಾಗಿದ್ದು, ಸಿಗ್ನಲ್‌ನಲ್ಲಿ ನಿಂತೊಡನೆ ಬಿಸಿಯಾದರೆ ಕಂಡೆನ್ಸರ್‌ನ ಫ್ಯಾನ್ ಮೇಲೆ ಅನುಮಾನಪಡಬೇಕು. ಕಾರು ಓಡುವಾಗ ಎದುರುಗಾಳಿ ಕಂಡೆನ್ಸರ್ ಅನ್ನು ತಣಿಸುತ್ತದೆ. ನಿಂತಾಗ ಆ ಹೊಣೆ ಫ್ಯಾನಿನದು. ಕಂಡೆನ್ಸರ್‌ಗೆ ಕೆಸರು, ಕೀಟಗಳು ಮೆತ್ತಿಕೊಂಡಿದ್ದರೂ ಇದೇ ತೊಂದರೆ ಕಾಣಿಸುತ್ತದೆ. ಮೊದಲು ತಂಪು ನೀಡಿ, ಕ್ರಮೇಣ ಗಾಳಿಯೇ ಕಡಿಮೆಯಾಗಿ, ಎಸಿ ಆರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿರುವ ಸಾಧ್ಯತೆಯಿದೆ.

ಎಸಿ ಗುಂಡಿ ಒತ್ತಿದಾಗ ಅನೇಕ ಕಾರುಗಳಲ್ಲಿ ಕಂಪ್ರೆಸರ್‌ನ ಕ್ಲಚ್ ‘ಟಕ್’ ಎಂದು ಸದ್ದು ಮಾಡುತ್ತದೆ. ಆ ಸದ್ದು ಕೇಳಿಸದಿದ್ದರೆ ಫ್ಯೂಸ್, ರಿಲೇ ಅಥವಾ ಕ್ಲಚ್ ಕೆಟ್ಟಿರಬಹುದು. ಗ್ಯಾಸ್ ತೀರಾ ಕಡಿಮೆಯಾದಾಗ ಕೂಡಾ ಪ್ರೆಷರ್ ಸ್ವಿಚ್ ಕಂಪ್ರೆಸರ್ ಅನ್ನು ತಾನಾಗಿಯೇ ತಡೆಹಿಡಿಯುತ್ತದೆ. ಅದರ ರಕ್ಷಣೆಗೆಂದೇ ಈ ಏರ್ಪಾಡು. ಸ್ವಿಚ್ಚನ್ನು ತಪ್ಪಿಸಿ ನೇರವಾಗಿ ವಿದ್ಯುತ್ ಕೊಟ್ಟು ಓಡಿಸುವುದು ಅಪಾಯಕರ.

ಎಸಿ ಹಾಕಿದಾಗ ಕಾರಿನಡಿ ನೀರು ತೊಟ್ಟಿಕ್ಕುವುದು ಸಹಜ. ಅದು ಗಾಳಿಯಲ್ಲಿನ ತೇವಾಂಶವೇ ಹೊರತು ಸೋರಿಕೆಯಲ್ಲ. ಆದರೆ ಕೊಳವೆಗಳ ಜೋಡಣೆಯಲ್ಲಿ ಎಣ್ಣೆಯ ಜಿಡ್ಡು, ಅದಕ್ಕಂಟಿದ ಧೂಳು ಕಂಡರೆ ಗ್ಯಾಸ್ ಅಲ್ಲಿಂದಲೇ ಹೋಗುತ್ತಿರುವ ಸಂಭವ ಹೆಚ್ಚು.

ಸರಿಯಾದ ದುರಸ್ತಿ ಹೇಗೆ?

ಸೋರಿಕೆ ಹುಡುಕಲು ಹಲವು ವಿಧಾನಗಳಿವೆ. ಕೊಳವೆಗಳಿಗೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುವುದೇ ಎಂದು ನೋಡಲಾಗುತ್ತದೆ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದನ್ನು ಗಮನಿಸಲಾಗುತ್ತದೆ. ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣವನ್ನೂ ಬಳಸುವುದುಂಟು. ಕಲ್ಲು ತಾಗಿದ ಕಂಡೆನ್ಸರ್, ಗಡುಸಾದ ರಬ್ಬರ್ ರಿಂಗ್‌ಗಳು, ಕಂಪ್ರೆಸರ್‌ನ ಸೀಲ್, ತುಕ್ಕು ತಿಂದ ಕೂಲಿಂಗ್ ಕಾಯಿಲ್ - ಇವು ಸೋರಿಕೆಯ ಸಾಮಾನ್ಯ ಜಾಗಗಳು.

ದೋಷ ಸರಿಪಡಿಸಿದ ನಂತರ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವಾಂಶವನ್ನು ಎಳೆದು ತೆಗೆಯಬೇಕು. ಇದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬೇಕು. ಆಮೇಲೆ ಬಾನೆಟ್ ಕೆಳಗಿನ ಚೀಟಿಯಲ್ಲಿ ನಮೂದಿಸಿರುವಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಬೇಕು. ಗ್ಯಾಸ್ ಹೆಚ್ಚಾದರೂ ತಂಪು ಕುಗ್ಗುತ್ತದೆ. ಈ ಗ್ಯಾಸ್ ಚರ್ಮಕ್ಕೆ ತಗುಲಿದರೆ ಹಿಮಗಾಯವಾಗುವುದರಿಂದ ಮನೆಯಲ್ಲಿ ಕೊಳವೆ ಬಿಚ್ಚುವ ಸಾಹಸ ಬೇಡ. ವಿದ್ಯುತ್ ಕಾರುಗಳಲ್ಲಂತೂ ಕಂಪ್ರೆಸರ್ ಓಡುವುದು ಅಧಿಕ ವೋಲ್ಟೇಜಿನ ಮೇಲೆ. ಅದಕ್ಕೆ ಬೇಕಾದ ಎಣ್ಣೆಯೂ ಬೇರೆ. ಅದನ್ನು ಬಲ್ಲವರಷ್ಟೇ ಮುಟ್ಟಬೇಕು.

ಅಗ್ಗದ ದಾರಿಗೆ ದುಬಾರಿ ಬೆಲೆ

ಕಂಪ್ರೆಸರ್‌ನ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸಂಚರಿಸುತ್ತದೆ. ಸೋರಿಕೆಯಾದಾಗ ಎಣ್ಣೆಯೂ ಹೊರಹೋಗಿ ಕಂಪ್ರೆಸರ್ ಸವೆಯುತ್ತದೆ. ಅದು ಸಿಲುಕಿ ನಿಂತರೆ ಲೋಹದ ಪುಡಿ ಕೊಳವೆಗಳಲ್ಲೆಲ್ಲ ಹರಡಿ ಕಂಡೆನ್ಸರ್, ವಾಲ್ವ್‌ಗಳನ್ನೂ ಬದಲಿಸಬೇಕಾಗುತ್ತದೆ. ಅಲ್ಪ ಬೆಲೆಯ ರಬ್ಬರ್ ರಿಂಗ್ ಬದಲಿಸದೆ ಮತ್ತೆ ಮತ್ತೆ ಗ್ಯಾಸ್ ತುಂಬಿಸಿದ್ದರ ಪರಿಣಾಮವಿದು.

ನಷ್ಟ ಕಿಸೆಗಷ್ಟೇ ಅಲ್ಲ. ಒಂದು ಕಿಲೋ ಆರ್-134ಎ ನೂರು ವರ್ಷಗಳ ಅವಧಿಯಲ್ಲಿ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಯಾಗಿಸಬಲ್ಲದು. ಇಂಥ ಅನಿಲಗಳ ಬಳಕೆ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರನ್ವಯ 2032ರಿಂದ ಹಂತ ಹಂತವಾಗಿ ಕಡಿತ ಆರಂಭವಾಗಬೇಕಿದೆ. ಹೀಗಿರುವಾಗ ಸೋರುವ ಕೊಳವೆಗೆ ಗ್ಯಾಸ್ ತುಂಬಿಸುವುದೆಂದರೆ ಹಣ ಕೊಟ್ಟು ಬಿಸಿಲು ಕೊಂಡಂತೆ.

ಆದ್ದರಿಂದ ಮುಂದಿನ ಬಾರಿ ‘ಗ್ಯಾಸ್ ಖಾಲಿ’ ಎಂಬ ಉತ್ತರ ಬಂದಾಗ ಗ್ರಾಹಕರು ಮೂರು ಪ್ರಶ್ನೆ ಕೇಳುವುದು ಒಳಿತು. ಸೋರಿಕೆ ಎಲ್ಲಿತ್ತು? ವ್ಯಾಕ್ಯೂಮ್ ಎಷ್ಟು ಹೊತ್ತು ಮಾಡಲಾಯಿತು? ಎಷ್ಟು ಗ್ರಾಂ ಗ್ಯಾಸ್ ತುಂಬಲಾಯಿತು? ಈ ಮೂರಕ್ಕೂ ಬಿಲ್ಲಿನಲ್ಲಿ ಲಿಖಿತ ಉತ್ತರ ಸಿಕ್ಕಿದರೆ ಕೆಲಸ ಸರಿಯಾಗಿ ನಡೆದಿದೆ ಎಂದು ಬಹುಮಟ್ಟಿಗೆ ನಂಬಬಹುದು.