ಹಳದಿ ಶಾಯಿಯ ಸಂಗತಿ

ಕಳೆದ ವಾರ್ಷಿಕ ಪರೀಕ್ಷೆಗೆ ಇನ್ನೊಂದು ವಾರವಿರುವಾಗ ಹತ್ತನೆಯ ತರಗತಿಯ ಹುಡುಗನೊಬ್ಬ ತಂದೆಯೊಡನೆ ನಮ್ಮ ಮನೆಗೆ ಬಂದ. ಕೈಯಲ್ಲಿ ಕನ್ನಡದ ಟಿಪ್ಪಣಿ ಪುಸ್ತಕ. ಅದರ ಮುಕ್ಕಾಲು ಭಾಗವನ್ನು ಅಚ್ಚ ಹಳದಿ ಶಾಯಿಯಲ್ಲಿ ಬರೆದಿದ್ದ. ಹೊಸ ಫೌಂಟನ್ ಪೆನ್ನು, ಹೊಸ ಶಾಯಿ, ಹೊಸ ಉತ್ಸಾಹ! ಹಗಲಿನಲ್ಲಿ ಹೇಗೋ ಓದುತ್ತಿದ್ದನಂತೆ. ಹಿಂದಿನ ರಾತ್ರಿ ಕರೆಂಟು ಹೋಗಿ ಮೇಣದ ಬತ್ತಿಯ ಮುಂದೆ ಕುಳಿತರೆ ಪುಟಗಳೆಲ್ಲ ಬರಿದು. ತಂದೆ ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಕೆಲಸದವರು. "ಬಣ್ಣ ಹಾರಿಹೋಯಿತೇ ಸಾರ್?" ಎಂದು ಅವರ ಚಿಂತೆ.

ಬಣ್ಣ ಹಾರಿರಲಿಲ್ಲ. ಬಿಳಿಯ ಕಾಗದ ತನ್ನ ಮೇಲೆ ಬಿದ್ದ ಎಲ್ಲ ಬಣ್ಣದ ಬೆಳಕನ್ನೂ ಹಿಂದಿರುಗಿಸುತ್ತದೆ. ಹಳದಿ ಶಾಯಿ ಅದರಲ್ಲಿ ನೀಲಿಯನ್ನು ಮಾತ್ರ ನುಂಗಿ, ಕೆಂಪು ಹಸಿರುಗಳನ್ನು ಹಿಂದಕ್ಕೆ ಕಳಿಸುತ್ತದೆ. ನಮ್ಮ ಕಣ್ಣಿಗೋ ಹಸಿರು-ಹಳದಿಯ ಬೆಳಕೇ, ಅಂದರೆ ಸುಮಾರು 555 ನ್ಯಾನೊಮೀಟರ್ ಅಲೆಯುದ್ದದ್ದೇ, ಅತ್ಯಂತ ಪ್ರಕಾಶವಾಗಿ ಕಾಣುವುದು. ನೀಲಿಯ ಪಾಲು ಬಹಳ ಕಡಿಮೆ. ಆದುದರಿಂದ ನೀಲಿಯೊಂದು ಕಳೆದುಹೋದರೂ ಹಳದಿ ಅಕ್ಷರ ಕಾಗದದಷ್ಟೇ ಬೆಳ್ಳಗೆ ಹೊಳೆಯುತ್ತದೆ. ಓದುವುದೆಂದರೆ ಕಪ್ಪು-ಬಿಳುಪಿನ ಅಂತರವನ್ನು ಹಿಡಿಯುವುದು; ಅಂತರವೇ ಇಲ್ಲದಿದ್ದರೆ ಕಣ್ಣು ತಾನೆ ಏನು ಮಾಡೀತು? ಮೇಣದ ಬತ್ತಿಯ ಬೆಳಕಿನಲ್ಲಂತೂ ನೀಲಿ ಇರುವುದೇ ಅಲ್ಪ. ಶಾಯಿಗೆ ನುಂಗಲು ಏನೂ ಸಿಗದೆ ಅಕ್ಷರವೂ ಕಾಗದವೂ ಒಂದೇ ಆಗಿಬಿಡುತ್ತವೆ.

ಇದು ತಿಳಿದರೆ ಉಪಾಯವೂ ಹೊಳೆಯುತ್ತದೆ. ಶಾಲಾ ದಿನಾಚರಣೆಯ ನಾಟಕದಲ್ಲಿ ದೀಪಗಳಿಗೆ ಸುತ್ತಿದ್ದ ನೀಲಿ ಜಿಲೇಟಿನ್ ಕಾಗದದ ಒಂದು ತುಂಡು ನಮ್ಮಲ್ಲಿ ಉಳಿದಿತ್ತು. ಹುಡುಗನನ್ನು ಕಿಟಕಿಯ ಬಳಿ ಕೂರಿಸಿ, ಅದನ್ನು ಕಣ್ಣಿಗೆ ಅಡ್ಡ ಹಿಡಿದು ನೋಡು ಎಂದೆವು. ಹಳದಿ ಅಕ್ಷರದಿಂದ ಬರುವ ಬೆಳಕು ನೀಲಿ ಹಾಳೆಯನ್ನು ದಾಟಲಾರದು; ಸುತ್ತಲಿನ ಕಾಗದದ ನೀಲಿ ಮಾತ್ರ ದಾಟುತ್ತದೆ. ಸಾಲುಗಳೆಲ್ಲ ಕಪ್ಪಗೆ ಎದ್ದು ನಿಂತವು. ತಂದೆಯೂ ಇಣುಕಿ ನೋಡಿ, "ಅಯ್ಯೋ, ಎಲ್ಲಾ ಇದೆಯಲ್ಲ!" ಎಂದರು. ಎರಡು ಹಗಲು ಕುಳಿತು ಹುಡುಗ ಪ್ರಬಂಧ, ವ್ಯಾಕರಣಗಳನ್ನು ನೀಲಿ ಶಾಯಿಯಲ್ಲಿ ನಕಲು ಮಾಡಿಕೊಂಡ. ಆ ಎರಡು ದಿನ ಬೇರೆ ಪಾಠಕ್ಕೆ ಸಿಗಬೇಕಿತ್ತು, ಅಷ್ಟೆ.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರು. ಕನ್ನಡ ನಾಡಿನ ವರ್ತಕರು ಲೆಕ್ಕ ಬರೆಯುತ್ತಿದ್ದ ಕಡತವೆಂದರೆ ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿದ ಕರಿಯ ಪುಸ್ತಕ. ಬರೆಯುವುದು ಬಿಳಿಯ ಬಳಪದಲ್ಲಿ. ತಿಳಿ ಬಣ್ಣಕ್ಕೆ ಕರಿಯ ನೆಲ ಬೇಕು. ನಮ್ಮ ಕರಿಹಲಗೆಯ ಮೇಲೆ ಹಳದಿ ಸೀಮೆಸುಣ್ಣ ಚೆನ್ನಾಗಿ ಕಾಣುವುದೂ ಇದಕ್ಕೇ. ಇನ್ನು ಹಳೆಯ ಕಾಗದದ ಹಸ್ತಪ್ರತಿಗಳಲ್ಲಿ ಹರಿತಾಳವೆಂಬ ಹಳದಿ ಬಣ್ಣವನ್ನು ಬಳಸುತ್ತಿದ್ದುದು ತಪ್ಪಿದ ಅಕ್ಷರವನ್ನು ಮುಚ್ಚಲು! (ಹರಿತಾಳದಲ್ಲಿ ಪಾಷಾಣವಿದೆ, ಯಾರೂ ಅದನ್ನು ಹುಡುಕಿಕೊಂಡು ಹೋಗಬೇಡಿ.) ಪಕ್ಕದ ಈರೋಡಿನ ಅರಿಸಿನ 2019ರಲ್ಲಿ ಭೌಗೋಳಿಕ ಗುರುತು ಪಡೆದಿದೆ, ನಮ್ಮ ಮದುವೆಯ ಕರೆಯೋಲೆಗಳ ನಾಲ್ಕು ಮೂಲೆಗೂ ಅರಿಸಿನ ಹಚ್ಚುತ್ತೇವೆ. ಮೂಲೆಗೆ ಹಚ್ಚುತ್ತೇವೆಯೇ ಹೊರತು ಒಕ್ಕಣೆಯನ್ನು ಅದರಲ್ಲಿ ಬರೆಯುವುದಿಲ್ಲ. ಅರಿಸಿನವನ್ನು ಕಲಸಿ ಶಾಯಿ ಮಾಡಿದರೂ ಬಿಸಿಲಿಗೆ ಮಾಸುತ್ತದೆ, ಸೋಪಿನ ನೀರು ತಗುಲಿದರೆ ಕೆಂಪಾಗುತ್ತದೆ. ತಾಯಂದಿರಿಗೆ ಇದನ್ನು ಹೇಳಬೇಕಾಗಿಲ್ಲ.

ಹಾಗಾದರೆ ಹಳದಿ ಶಾಯಿ ದಂಡವೇ? ಇಲ್ಲ. ಮುಚ್ಚದೆ, ಮಂಕು ಮಾಡದೆ ಅಕ್ಷರದ ಮೇಲೆ ಹರಡಿಕೊಳ್ಳುವ ಗುಣವೇ ಗುರುತು ಹಾಕಲು ಬೇಕಾದುದು. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಫ್ಲೋರೆಸೀನ್ ಎಂಬ ಬಣ್ಣವನ್ನು ತಯಾರಿಸಿದರು. ಇಂಥ ಬಣ್ಣಗಳು ನೀಲಿ ಮತ್ತು ಅತಿನೇರಳೆ ಕಿರಣಗಳನ್ನು ನುಂಗಿ ಹಸಿರು-ಹಳದಿ ಬೆಳಕಾಗಿ ಉಗುಳುತ್ತವೆ. ಅದಕ್ಕೇ ಆ ಹೊಳಪು. ನೂರು ವರ್ಷಗಳ ತರುವಾಯ, 1971ರಲ್ಲಿ, ಅದೇ ದೇಶದ ಶ್ವಾನ್-ಸ್ಟಾಬಿಲೊ ಕಂಪನಿ ಹೀಗೆ ಹೊಳೆಯುವ ಶಾಯಿಯ ಗುರುತು ಪೆನ್ನನ್ನು ಮಾರುಕಟ್ಟೆಗೆ ತಂದಿತು. ಫೌಂಟನ್ ಪೆನ್ನಿಗೂ ಅಂಥ ಶಾಯಿ ಬರುತ್ತದೆ.

ಅದನ್ನು ತುಂಬುವ ಮುನ್ನ ಪೆನ್ನನ್ನು ಬಿಚ್ಚಿ ತಣ್ಣೀರಿನಲ್ಲಿ ತಿಳಿಯಾಗುವ ತನಕ ತೊಳೆಯಬೇಕು. ಹಳೆಯ ನೀಲಿ ಒಂದು ಹನಿ ಉಳಿದರೂ ಹಳದಿ ಹಸಿರಾಗುತ್ತದೆ. ನಿಬ್ಬು ಅಗಲವಾಗಿರಲಿ. ಅಚ್ಚಾದ ಪಾಠಪುಸ್ತಕ, ಪೆನ್ಸಿಲ್, ಬಾಲ್ ಪೆನ್ನಿನ ಬರಹಗಳ ಮೇಲೆ ಎಳೆದರೆ ತೊಂದರೆಯಿಲ್ಲ. ಆದರೆ ಫೌಂಟನ್ ಪೆನ್ನಿನ ನೀಲಿ ಶಾಯಿ ಸಾಮಾನ್ಯವಾಗಿ ನೀರಿನಲ್ಲಿ ಕರಗುವಂಥದು. ಒಣಗಿದ ಮೇಲೂ ಹಳದಿ ತಗುಲಿದರೆ ಕದಡುತ್ತದೆ.

ಪರೀಕ್ಷೆಯಲ್ಲಿ ಮಾತ್ರ ಈ ಶಾಯಿಗೆ ಜಾಗವಿಲ್ಲ. ನಮ್ಮ ತಮಿಳುನಾಡಿನ ಸರಕಾರಿ ಪರೀಕ್ಷೆಯ ಪ್ರಶ್ನಪತ್ರಿಕೆಯ ತಲೆಯಲ್ಲೇ, ಬರೆಯಲೂ ಅಡಿಗೆರೆ ಎಳೆಯಲೂ ನೀಲಿ ಅಥವಾ ಕಪ್ಪು ಶಾಯಿ, ಚಿತ್ರಕ್ಕೆ ಪೆನ್ಸಿಲ್ ಎಂಬ ಸೂಚನೆ ಇರುತ್ತದೆ. ಮಕ್ಕಳು ಅದನ್ನು ಓದದೆ ಮೊದಲ ಪ್ರಶ್ನೆಗೆ ಹಾರುತ್ತಾರೆ.

ಪೋಷಕರಿಗೊಂದು ಮಾತು. ಪುಸ್ತಕವೆಲ್ಲ ಹಳದಿಯಾಗಿದ್ದರೆ ಮಗು ಓದಿದೆ ಎಂದು ನಂಬಬೇಡಿ. 2013ರಲ್ಲಿ ಅಮೆರಿಕದ ಜಾನ್ ಡನ್ಲೊಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ಪರಿಶೀಲಿಸಿದಾಗ, ಗುರುತು ಹಾಕುವುದರಿಂದ ದೊರೆಯುವ ಪ್ರಯೋಜನ ಅಲ್ಪವೆಂದೂ, ಪುಸ್ತಕ ಮುಚ್ಚಿ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದು ಬಹಳ ಫಲಕಾರಿಯೆಂದೂ ಕಂಡುಬಂತು. ಪುಟಕ್ಕೆ ಎರಡು ಮೂರು ಪದ ಗುರುತಿಸಿ, ಪುಸ್ತಕ ಮುಚ್ಚಿಸಿ, ಆ ಪದಗಳ ಬಗ್ಗೆ ಕೇಳಿ ನೋಡಿ. ತಾಯಿ ತಂದೆಗೆ ಓದು ಬಾರದಿದ್ದರೂ ಕೇಳಿಸಿಕೊಳ್ಳಬಹುದು.

ಆ ನೀಲಿ ಜಿಲೇಟಿನ್ ತುಂಡು ಈಗ ಶಾಲೆಯಲ್ಲಿ ನಮ್ಮ ಮೇಜಿನ ಖಾನೆಯಲ್ಲಿದೆ. ಬೇಕಾದವರು ಬಂದು ಕೇಳಿ ಪಡೆಯಬಹುದು, ಮರಳಿ ತಂದಿಡಬೇಕು.